ಹನ್ನೊಂದನೇ ಮಂಚದ ಒಪ್ಪಿಗೆ

ಮದರಾಸು
೨-೯-೧೯೪೬

ಅಕ್ಕನಿಗೆ ಸಂಜೀವ ಮಾಡುವ ನಮಸ್ಕಾರ.

ರೈಲಿನಲ್ಲಿ ಕೂರಲು ಜಾಗ ಸಿಗದೆ ಜೋಲಾರಪೇಟೆಯವರೆಗೆ ನಿಂತೇ ಬಂದೆ. ನೀನು ಕಟ್ಟಿಕೊಟ್ಟ ರೊಟ್ಟಿಯನ್ನು ಹಾಸ್ಟೆಲ್ಲಿನ ಹುಡುಗರು ನನಗಿಂತ ಮೊದಲೇ ಮುಗಿಸಿದರು. ಕ್ಷೇಮಸಮಾಚಾರ ಇಷ್ಟೇ. ಈಗ ವಿಷಯಕ್ಕೆ ಬರುತ್ತೇನೆ.

ರಜದಲ್ಲಿ ಪಾಪಕ್ಕನ ಎದೆಗೆ ಸ್ಟೆತಾಸ್ಕೋಪು ಇಟ್ಟು ನೋಡಿದಾಗ ನಾನು ಸುಮ್ಮನಾಗಿಬಿಟ್ಟೆ, ನೀನು ಎರಡು ಸಲ ಕೇಳಿದರೂ ಹೇಳಲಿಲ್ಲ. ಓಡಿದರೆ ಏದುಸಿರು, ವರ್ಷಕ್ಕೆ ನಾಲ್ಕು ಸಲ ಕೆಮ್ಮು ಜ್ವರ, ಎಂಟು ತುಂಬಿದರೂ ಐದರ ಮಗುವಿನಂಥ ಮೈ. ಇದು ಯಾರ ದೃಷ್ಟಿಯೂ ಅಲ್ಲ ಅಕ್ಕ. ಹೃದಯದ ಪಕ್ಕದಲ್ಲಿ ಒಂದು ಸಣ್ಣ ರಕ್ತನಾಳವಿರುತ್ತದೆ. ಮಗು ಹುಟ್ಟಿದ ಮೇಲೆ ಅದು ತಾನಾಗಿ ಮುಚ್ಚಿಕೊಳ್ಳಬೇಕು. ನಿನ್ನ ಮಗಳಿಗೆ ಮುಚ್ಚಿಕೊಂಡಿಲ್ಲ ಎಂದು ನನ್ನ ಅನುಮಾನ.

ಈ ತಿಂಗಳಿಂದ ನನ್ನನ್ನು ಮಕ್ಕಳ ವಾರ್ಡಿಗೆ, ಹೃದಯದ ಕಾಯಿಲೆ ನೋಡುವ ಪ್ರೊಫೆಸರರ ಕೈಕೆಳಗೆ ಹಾಕಿದ್ದಾರೆ. ಅವರಿಗೆ ಹೇಳಿದೆ. ಕರೆದುಕೊಂಡು ಬಾ, ನೋಡೋಣ ಎಂದರು. ಮಕ್ಕಳ ವಾರ್ಡಿನಲ್ಲಿ ಮನೆಯವರು ಉಳಿಯುವ ಹಾಗಿಲ್ಲ. ಹೋದ ಮಾರ್ಚಿಯಲ್ಲಿ ನಾನು ಫೇಲಾದದ್ದು ಇಂಥದೇ ಕೇಸಿನಲ್ಲಿ ಎಂಬುದು ನಿನಗೆ ಗೊತ್ತು. ಪರೀಕ್ಷೆಗೆ ಕೊಟ್ಟ ಹುಡುಗನ ಎದೆಯಲ್ಲಿ ಏನೂ ಇಲ್ಲ ಎಂದು ಹೇಳಿ ಹೊರಗೆ ಬಂದ ಗಂಡು ನಾನು. ನಮ್ಮ ಮನೆಯ ಮಗುವಿನದು ಮಾತ್ರ ಕೇಳಿಸಿತು.

ಪಿಳ್ಳಪ್ಪ ಭಾವನನ್ನು ಒಪ್ಪಿಸು. ನಾನಿದ್ದೇನಲ್ಲ.

ಸಂಜೀವ


ವಿಜಯಪುರ
೧೧-೯-೧೯೪೬

ಸಂಜೀವನಿಗೆ ಅಕ್ಕ ಗಂಗಲಕ್ಷ್ಮಿಯ ಆಶೀರ್ವಾದ.

"ನಾನಿದ್ದೇನಲ್ಲ" ಎಂದು ಬರೆದಿದ್ದೀಯ. ಮೂಗು ಒರೆಸಿಕೊಳ್ಳಲು ಬಾರದ ವಯಸ್ಸಿನಲ್ಲಿ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮರಳಲ್ಲಿ ಅಕ್ಷರ ತಿದ್ದಿಸಿದವಳಿಗೆ ನೀನು ಹೇಳುವ ಮಾತು ನೋಡು! ಇರಲಿ. ಓದಿ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ.

ನಿಮ್ಮ ಭಾವ ಮೂರು ದಿನ ರೇಷ್ಮೆಗೂಡು ಬೇಯಿಸುವ ಒಲೆಯ ಮುಂದೆ ಕೂತು ಚರಕದಲ್ಲಿ ನೂಲು ಬಿಚ್ಚುತ್ತಲೇ ಇದ್ದರು. ನಿನ್ನೆ ಕೈ ತೊಳೆದುಕೊಂಡು ಬಂದು, "ಅವ್ನು ನಮ್ಮನೆ ಹುಡ್ಗ ಕಣೆ. ಅವನ್ಗಲ್ದೆ ಇನ್ಯಾರ್ಗೆ ಒಪ್ಸೋದು? ಕಳ್ಸೋಣ" ಅಂದರು. ನೂಲಿಗೆ ಹುರಿ ಹಾಕುವ ಮಿಷನ್ನಿನ ಮಹಬೂಬ್ ಸಾಬರು ಈ ತಿಂಗಳ ಕೊನೆಗೆ ಕಂಚಿಗೆ ರೇಷ್ಮೆ ತೆಗೆದುಕೊಂಡು ಹೋಗುತ್ತಾರೆ. ಅವರ ಜೊತೆ ಇವರೂ ಬಂದು ಮಗುವನ್ನು ನಿನ್ನ ಕೈಗೆ ಒಪ್ಪಿಸಿ ಹಿಂದಿರುಗುತ್ತಾರೆ.

ಒಂದು ಮಾತು. ಅಲ್ಲಿರುವುದು ತಮಿಳು, ಇಂಗ್ಲಿಷು. ಅವರು ಅಂದದ್ದನ್ನು ನಮಗೆ ಹೇಳುವವನು ನೀನೇ, ನಾವು ಅಂದದ್ದನ್ನು ಅವರಿಗೆ ಹೇಳುವವನೂ ನೀನೇ. ಪಾಪಕ್ಕನಿಗೆ ಇನ್ನೂ ಓದು ಬರಹ ಬಾರದು, ಎರಡು ಸಾಲು ಬರೆಯುತ್ತಾಳೆ ಅನ್ನುವ ಹಾಗೂ ಇಲ್ಲ. ಕಹಿಯಾಗಿದ್ದರೂ ಸರಿ, ಇದ್ದದ್ದನ್ನು ಇದ್ದ ಹಾಗೆ ಬರಿ. ನನ್ನ ಎದೆ ಗಟ್ಟಿಯಾಗಿದೆ, ಅದರಲ್ಲಿ ಯಾವ ನಾಳವೂ ತೆರೆದುಕೊಂಡಿಲ್ಲ.

ತೂತು ಬಿದ್ದ ಗೂಡುಗಳನ್ನು ಪೋಣಿಸಿ ಒಂದು ಸರ ಮಾಡಿಕೊಂಡಿದ್ದಾಳೆ. ಅದನ್ನು ಬಿಟ್ಟು ಬರುವುದಿಲ್ಲವಂತೆ. ಆಸ್ಪತ್ರೆಯವರು ಕಸಿದುಕೊಳ್ಳದ ಹಾಗೆ ನೋಡಿಕೋ.

ನಿನ್ನ ಅಕ್ಕ


ಮದರಾಸು
೬-೧೦-೧೯೪೬

ಅಕ್ಕ,

ನನ್ನ ಅನುಮಾನ ನಿಜವಾಯಿತು. ಪ್ರೊಫೆಸರರು ಹತ್ತು ನಿಮಿಷ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿ, "ಹಳ್ಳಿಯ ಜಗಲಿಯ ಮೇಲೆ ಕೂತು ಇದನ್ನು ಕಂಡುಹಿಡಿದೆಯಾ?" ಎಂದರು. ಈ ಕಾಲೇಜಿಗೆ ಬಂದು ಆರು ವರ್ಷಕ್ಕೆ ಇದು ಮೊದಲ ಶಾಬಾಸು. ಇಷ್ಟು ಸ್ಪಷ್ಟವಾದ ಸದ್ದನ್ನು ಅವರು ಬಹಳ ವರ್ಷದಿಂದ ಕೇಳಿರಲಿಲ್ಲವಂತೆ. ಯಂತ್ರ ತಿರುಗಿದ ಹಾಗೆ, ಬಿಡುವೇ ಇಲ್ಲದೆ ಬರುತ್ತದೆ. ವಿದ್ಯಾರ್ಥಿಗಳು ಸಾಲು ನಿಂತು ಕೇಳಿಕೊಂಡು ಹೋದರು.

ಪಾಪಕ್ಕನಿಗೆ ಹನ್ನೊಂದನೇ ಮಂಚ, ಕಿಟಕಿಯ ಪಕ್ಕ. ನಳಿಗೆಯನ್ನು ತನ್ನ ಕಿವಿಗೂ ಕೊಡು ಎಂದು ಹಟ ಮಾಡಿದಳು. ಕೊಟ್ಟೆ. ಕೇಳಿ ನಕ್ಕುಬಿಟ್ಟಳು. "ಮಾವ, ಅಪ್ಪನ ಚರಕ ನನ್ನೊಳ್ಗೇ ತಿರುಗ್ತೈತೆ" ಅಂದಳು. ಭಾವನಿಗೆ ಇದನ್ನು ಓದಿ ಹೇಳು.

ಚಿಕಿತ್ಸೆ ಶುರುವಾಗಿದೆ. ಸರ ಅವಳ ಕೊರಳಲ್ಲೇ ಇದೆ.

ಸಂಜೀವ


ವಿಜಯಪುರ
೨-೧೧-೧೯೪೬

ಸಂಜೀವ,

ನಿಮ್ಮ ಭಾವನಿಗೆ ಓದಿ ಹೇಳಿದೆ. ಚರಕ ನಿಲ್ಲಿಸಿ ಎದ್ದು ಹಿತ್ತಲಿಗೆ ಹೋದರು. ಗಂಡಸರು ಅಳಬೇಕಾದರೆ ಹಿತ್ತಲಿಗೇ ಹೋಗಬೇಕೆಂದು ಯಾರು ಹೇಳಿಕೊಟ್ಟರೋ ಕಾಣೆ.

ಮಗುವಿಲ್ಲದೆ ದೀಪಾವಳಿ ಆಯಿತು. ತಿಂಗಳ ಮೇಲಾಯಿತು. ನಿನ್ನ ಕಾಗದದಲ್ಲಿ ಪ್ರೊಫೆಸರರ ಮಾತಿದೆ, ಸಾಲು ನಿಂತ ಹುಡುಗರಿದ್ದಾರೆ, ನಿನ್ನ ಬೆನ್ನೂ ಇದೆ. ಯಾವ ಔಷಧಿ, ದಿನಕ್ಕೆಷ್ಟು ಸಲ, ಇನ್ನೆಷ್ಟು ದಿನ ಎನ್ನುವುದು ಇಲ್ಲ. ನಾನೇನು ನಿನ್ನನ್ನು ಪರೀಕ್ಷೆ ಮಾಡುತ್ತಿಲ್ಲ ಮಾರಾಯ, ಹೆತ್ತವಳು ಕೇಳುತ್ತಿದ್ದೇನೆ. ಮುದ್ದೆ ಇಲ್ಲದೆ ಏನು ತಿನ್ನುತ್ತಾಳೆ? ಅಳುತ್ತಾಳೆಯೇ?

ಅಕ್ಕ


ಮದರಾಸು
೨೦-೧೧-೧೯೪೬

ಅಕ್ಕ,

ತಡವಾಯಿತು, ಕೋಪ ಮಾಡಿಕೊಳ್ಳಬೇಡ. ಹೃದಯದ ಕಾಯಿಲೆಗೆ ಶೀಶೆಯ ಔಷಧಿಗಿಂತ ವಿಶ್ರಾಂತಿಯೇ ದೊಡ್ಡದು. ಮಲಗಿರುವುದೇ ಚಿಕಿತ್ಸೆ. ಅನ್ನ, ಹಾಲು, ಬ್ರೆಡ್ಡು ಕೊಡುತ್ತಾರೆ. ತಮಿಳು ಕಲಿತು ನರ್ಸುಗಳಿಗೆ ಎದುರುತ್ತರ ಕೊಡುತ್ತಾಳೆ. ನಿನ್ನದೇ ನಾಲಿಗೆ.

ಮಾರ್ಚಿ ಕೊನೆಯವರೆಗೆ ಇಲ್ಲಿರಬೇಕಾಗುತ್ತದೆ. ಅಷ್ಟರಲ್ಲಿ ನನ್ನ ಪರೀಕ್ಷೆಯೂ ಮುಗಿದಿರುತ್ತದೆ.

ಸಂಜೀವ


ವಿಜಯಪುರ
೨೮-೧೨-೧೯೪೬

ಸಂಜೀವ,

ನಿಮ್ಮ ಭಾವ ಮಲಗಿ ಹದಿನಾರು ದಿನವಾಯಿತು. ದೇವನಹಳ್ಳಿಯ ಡಾಕ್ಟರು ವಿಷಮಶೀತ ಜ್ವರ ಎಂದಿದ್ದಾರೆ. ಗಂಜಿಯೂ ನಿಲ್ಲುತ್ತಿಲ್ಲ. ಮಗುವಿನ ಹೆಸರನ್ನೇ ಹಿಡಿದುಕೊಂಡಿದ್ದಾರೆ. ಜ್ವರ ಏರಿದಾಗ, "ಪಾಪಕ್ಕಂಗೆ ಬಾಗ್ಲು ತೆಗೀರೆ, ಬಂದವ್ಳೆ" ಅನ್ನುತ್ತಾರೆ. ಎದ್ದು ಹೋಗಿ ತೆಗೆಯುತ್ತೇನೆ, ಏನು ಮಾಡಲಿ.

ಎರಡೇ ದಿನದ ಮಟ್ಟಿಗೆ ಕರೆದುಕೊಂಡು ಬಾ. ಮುಖ ನೋಡಿಕೊಳ್ಳಲಿ. ಆಮೇಲೆ ನಾನೇ ಜೊತೆಗೆ ಬಂದು ನಿನ್ನ ಆಸ್ಪತ್ರೆಗೆ ಬಿಟ್ಟು, ಬಾಗಿಲ ಹೊರಗೆ ಬೇಕಾದರೆ ಮಲಗುತ್ತೇನೆ. ನಿನ್ನನ್ನು ಇದುವರೆಗೆ ಏನೂ ಕೇಳಿದವಳಲ್ಲ. ಇದನ್ನು ಕೇಳುತ್ತಿದ್ದೇನೆ.

ಅಕ್ಕ


ಮದರಾಸು
೨-೧-೧೯೪೭

ಅಕ್ಕ,

ನಿನ್ನ ಕಾಗದ ನೋಡಿ ಊಟ ಸೇರಲಿಲ್ಲ. ಆದರೆ ಪಾಪಕ್ಕನನ್ನು ಈಗ ಕದಲಿಸುವ ಹಾಗಿಲ್ಲ. ರೈಲಿನ ಕುಲುಕಾಟ, ಚಳಿ, ಜನರ ನೂಕುನುಗ್ಗಲು ಅವಳ ಹೃದಯ ತಡೆಯಲಾರದು. ದಾರಿಯಲ್ಲಿ ಏನಾದರೂ ಆದರೆ ಯಾರು ಹೊಣೆ? ದೊಡ್ಡ ಡಾಕ್ಟರೂ ಬೇಡ ಎಂದಿದ್ದಾರೆ. ವಿಷಮಶೀತ ನಾಲ್ಕನೇ ವಾರದಲ್ಲಿ ತಾನೇ ಇಳಿಯುತ್ತದೆ. ಭಾವ ಗಟ್ಟಿ ಮೈಯವರು. ಕಾಯಿಸಿದ ನೀರನ್ನೇ ಕೊಡು.

ಸಂಜೀವ


ವಿಜಯಪುರ
೧೯-೧-೧೯೪೭

ಸಂಜೀವ,

ತಂತಿ ತಲುಪಿರಬೇಕು. ಸಂಕ್ರಾಂತಿಯ ಮಾರನೆಯ ದಿನ ಬೆಳಿಗ್ಗೆ ಹೋದರು.

ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಬೇಕೆಂದಿರಲಿಲ್ಲ. ಬಂತಾ, ಬಂತಾ ಎಂದು ದಿನಾ ಪೀಡಿಸಿದ್ದಕ್ಕೆ ಓದಿದೆ. ಆವತ್ತು ಬುದ್ಧಿ ನೆಟ್ಟಗಿತ್ತು. ಪೂರ್ತಿ ಕೇಳಿ, "ಬ್ಯಾಡ ಬ್ಯಾಡ. ಕರೀಬ್ಯಾಡ. ನಾನ್ ನೋಡ್ದಿದ್ರೂ ಆಯ್ತದೆ, ಅದು ಬದುಕ್ಲಿ" ಅಂದರು. ಆಮೇಲೆ ಜ್ವರ ಏರಿದಾಗಲೂ ಬಾಗಿಲು ತೆಗೆ ಎನ್ನಲಿಲ್ಲ. ತುಟಿ ಕಚ್ಚಿಕೊಂಡು ಮಲಗಿದ್ದರು.

ಮಗುವಿಗೆ ಈಗಲೇ ಹೇಳಬೇಡ, ಎದೆಗೆ ಪೆಟ್ಟಾದೀತು. ನೀನು ಅವಳನ್ನು ಕಾಯುತ್ತಿದ್ದೀಯ ಎನ್ನುವುದೊಂದೇ ನನಗೆ ಉಳಿದಿರುವ ಧೈರ್ಯ.

ಅಕ್ಕ


ಮದರಾಸು
೨೭-೧-೧೯೪೭

ಅಕ್ಕ,

ಏನು ಬರೆಯಲಿ? ನಾನು ಬರಬೇಕಿತ್ತು. ಪಾಪಕ್ಕನೊಬ್ಬಳನ್ನೇ ಬಿಟ್ಟು ಹೇಗೆ ಬರಲಿ ಎಂದು ಉಳಿದೆ. ಅವಳಿಗೆ ಹೇಳಿಲ್ಲ. ಅಪ್ಪನಿಗೆ ತೋರಿಸಬೇಕೆಂದು ಬ್ರೆಡ್ಡಿನ ಕಾಗದಗಳನ್ನು ಮಡಿಸಿ ದಿಂಬಿನ ಕೆಳಗೆ ಇಡುತ್ತಿದ್ದಾಳೆ.

ಸಂಜೀವ


ಮದರಾಸು
೧೨-೪-೧೯೪೭

ಅಕ್ಕ,

ಪಾಸಾದೆ! ಹೃದಯದ ಕೇಸಿನಲ್ಲಿ ಎಲ್ಲರಿಗಿಂತ ಹೆಚ್ಚು ನಂಬರು ನನ್ನದೇ. ನಿನ್ನ ತಮ್ಮ ಈಗ ಡಾಕ್ಟರು. ಭಾವ ಇದ್ದಿದ್ದರೆ ಊರಿಗೆಲ್ಲ ಬೆಲ್ಲ ಹಂಚುತ್ತಿದ್ದರು.

ಪಾಪಕ್ಕನನ್ನು ಇದೇ ಹದಿನೈದಕ್ಕೆ ಮಹಬೂಬ್ ಸಾಬರ ಜೊತೆ ಕಳಿಸುತ್ತಿದ್ದೇನೆ. ಇಲ್ಲಿ ಕೆಲಸಕ್ಕೆ ಸೇರಬೇಕಾಗಿರುವುದರಿಂದ ನಾನು ಬರಲಾಗುತ್ತಿಲ್ಲ. ಈಗ ಪ್ರಯಾಣಕ್ಕೆ ಅಡ್ಡಿಯಿಲ್ಲ. ಭಾವನ ವಿಷಯ ನೀನೇ ಮೆಲ್ಲಗೆ ತಿಳಿಸು, ನನ್ನಿಂದ ಆಗಲಿಲ್ಲ.

ಡಾ. ಸಂಜೀವಪ್ಪ


ವಿಜಯಪುರ
೪-೫-೧೯೪೭

ಸಂಜೀವ,

ಹೋದ ವಾರ ಸಿಡುಬಿನ ಚುಚ್ಚುಮದ್ದು ಹಾಕುವವರು ಬೀದಿಗೆ ಬಂದರು. ಷರಾಯಿ ಹಾಕಿಕೊಂಡು ಚೀಲ ಹಿಡಿದಿದ್ದ ಒಬ್ಬರು ನಮ್ಮ ಜಗಲಿ ಹತ್ತಿದರು. ಪಾಪಕ್ಕ ಆಡುತ್ತಿದ್ದವಳು ಅವರನ್ನು ಕಂಡದ್ದೇ ತಡ, ಯಾರೂ ಹೇಳದೆ ಜಗಲಿಯ ಮೇಲೆ ಅಂಗಾತ ಮಲಗಿದಳು. ಕುಬುಸದ ಗುಂಡಿ ಬಿಚ್ಚಿದಳು, ಮುಖ ಗೋಡೆಯ ಕಡೆ ತಿರುಗಿಸಿದಳು, ಉಸಿರು ಬಿಗಿಹಿಡಿದಳು. ಹಿಡಿದೇ ಇದ್ದಳು. ಆ ಮನುಷ್ಯ ಗಾಬರಿಯಾಗಿ ಹಿಂದಕ್ಕೆ ಸರಿದ. ನಾನು ಎಬ್ಬಿಸಿ ಕೂರಿಸಿದರೆ, "ಇವರೊಬ್ರೇನಾ? ಮಿಕ್ಕೋರು ಬರಲ್ವಾ?" ಅಂದಳು.

ಮಿಕ್ಕವರು ಯಾರು ಎಂದು ಕೇಳಿದೆ. ದಿನಾ ಬೆಳಿಗ್ಗೆ ಇಪ್ಪತ್ತು ಜನ ಅಣ್ಣಂದಿರು, ಸಂಜೆ ಮತ್ತೆ ಹತ್ತು ಜನವಂತೆ. ತಣ್ಣಗಿನ ನಳಿಗೆಯಂತೆ. ಕುಲುಕಿಸಿ, ಕೂರಿಸಿ, ಓಡಿಸಿ ಕೇಳುತ್ತಿದ್ದರಂತೆ. ನಿನ್ನ ವಿಶ್ರಾಂತಿ ಇದೇನಾ? "ಔಷ್ದಿ ಏನು ಕೊಡ್ತಿದ್ರೇ?" ಎಂದರೆ, "ಔಷ್ದಿ ಪಕ್ಕದ ಮಂಚಕ್ಕೆ ಕೊಡ್ತಿದ್ರು. ನಂಗಿಲ್ಲ, ನಾನು ಪರೀಕ್ಷೆ ಹುಡುಗಿ" ಅಂದಳು. ಅದನ್ನು ಹೆಮ್ಮೆಯಿಂದ ಹೇಳಿದಳು ಕಣೋ.

ಅವಳ ಬಟ್ಟೆಯ ಗಂಟಿನಲ್ಲಿ ಆಸ್ಪತ್ರೆಯ ಒಂದು ಚೀಟಿ ಇತ್ತು. ನರ್ಸು ಇಟ್ಟಿರಬೇಕು, ನಿನಗೆ ಗೊತ್ತಿರಲಾರದು. ನನಗೆ ಇಂಗ್ಲಿಷು ಬಾರದು ಎಂದು ನೀನು ಧೈರ್ಯವಾಗಿದ್ದೆ. ಸ್ಕೂಲು ಮೇಷ್ಟ್ರು ನಜೀಬುಲ್ಲಾ ಸಾಹೇಬರ ಹತ್ತಿರ ಹೋದೆ. ಅವರು ಒಂದು ಸಲ ಓದಿ, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. "ಅಮ್ಮಾ, ಇದ್ನ ನಾನು ಹೇಳ್ಲೇಬೇಕಾ?" ಅಂದರು. ಹೇಳಿಸಿದೆ.

ಅಕ್ಟೋಬರ್ ಹದಿನಾಲ್ಕರಂದೇ ಬರೆದದ್ದು. ಇಲ್ಲಿ ಮಾಡುವಂಥ ಚಿಕಿತ್ಸೆ ಯಾವುದೂ ಇಲ್ಲ, ಮಗು ಮನೆಗೆ ಹೋಗಬಹುದು, ಪ್ರಯಾಣ ಮಾಡಬಹುದು. ಅದರ ಕೆಳಗೆ: ಮನೆಯವರ ಒಪ್ಪಿಗೆಯ ಮೇಲೆ, ವಿದ್ಯಾರ್ಥಿಗಳ ಮಾರ್ಚಿ ಪರೀಕ್ಷೆಗಾಗಿ ಉಳಿಸಿಕೊಂಡಿದೆ.

ಯಾವ ಮನೆಯವರೋ? ಯಾರು ಒಪ್ಪಿದ್ದು?

ಅಕ್ಟೋಬರಿನಲ್ಲಿ ಅವಳು ಮನೆಗೆ ಬರಬಹುದಿತ್ತು. ದೀಪಾವಳಿಗೆ ಇರಬಹುದಿತ್ತು. ಅವರು ಬಾಗಿಲು ತೆಗೆ ಎಂದಾಗ ಬಾಗಿಲಲ್ಲಿ ನಿಂತಿರಬಹುದಿತ್ತು. "ಅದು ಬದುಕ್ಲಿ" ಎಂದು ಆ ಮನುಷ್ಯ ತುಟಿ ಕಚ್ಚಿಕೊಂಡು ಸತ್ತದ್ದು ನಿನ್ನ ನಂಬರಿಗಾಗಿ. ನಾನು ತಿದ್ದಿಸಿದ ಅಕ್ಷರದಲ್ಲೇ ನನಗೆ ಸುಳ್ಳು ಬರೆದೆ. ಅದನ್ನು ನನ್ನ ಬಾಯಿಂದಲೇ ಅವರಿಗೆ ಓದಿಸಿದೆ. ಹೊಟ್ಟೆ ಉರಿಯುತ್ತಿದೆ ಸಂಜೀವ. ಬೇರೆ ಯಾರಾದರೂ ಮಾಡಿದ್ದರೆ ಶಾಪ ಹಾಕಿ ಮುಗಿಸುತ್ತಿದ್ದೆ. ನಿನಗೆ ಹಾಕಲು ಬಾಯಿ ಬರುವುದಿಲ್ಲ, ಅದಕ್ಕೂ ಉರಿಯುತ್ತಿದೆ.

ಗಂಗಲಕ್ಷ್ಮಮ್ಮ


ಮದರಾಸು
೧೫-೫-೧೯೪೭

ಅಕ್ಕ,

ಎಲ್ಲವೂ ನಿಜ.

ಇಲ್ಲಿ ಇದು ವಾಡಿಕೆ. ಒಳ್ಳೆಯ ಸದ್ದು ಇರುವ ಮಕ್ಕಳನ್ನು ಪರೀಕ್ಷೆಯವರೆಗೆ ಉಳಿಸಿಕೊಳ್ಳುತ್ತಾರೆ. ಪ್ರೊಫೆಸರರು ಕೆಟ್ಟವರಲ್ಲ. "ಮನೆಯವರನ್ನು ಕೇಳು. ಕರೆದುಕೊಂಡು ಹೋಗುತ್ತಾರೋ, ಪರೀಕ್ಷೆಯ ತನಕ ಬಿಡುತ್ತಾರೋ, ಅವರಿಷ್ಟ" ಎಂದರು. ಕೇಳಬೇಕಾದವನು ನಾನು. ಎರಡು ದಿನ ಬಿಟ್ಟು ಹೋಗಿ, ಒಪ್ಪಿದ್ದಾರೆ ಎಂದೆ. ನಿನ್ನನ್ನು ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ. ಅವಳ ಎದೆಯೊಂದೇ ನನಗೆ ಖಚಿತವಾಗಿ ಕೇಳಿಸುತ್ತಿತ್ತು. ಇನ್ನೊಂದು ಸಲ ಫೇಲಾದರೆ ಊರಿಗೆ ಯಾವ ಮುಖ ತೋರಿಸಲಿ ಎಂದು ಹೆದರಿದೆ. ಪರೀಕ್ಷೆಯ ದಿನ ಹನ್ನೊಂದನೇ ಮಂಚ ನನಗೇ ಬರುವ ಹಾಗೆ ವಾರ್ಡಿನ ಆಳಿಗೆ ಹೇಳಿಟ್ಟಿದ್ದೆ. ಅವಳು ನನ್ನನ್ನು ಗುರುತೇ ಇಲ್ಲದವಳ ಹಾಗೆ ಮಲಗಿದ್ದಳು. ನಾನೇ ಹೇಳಿಕೊಟ್ಟಿದ್ದೆ.

ಭಾವನ ಕಾಯಿಲೆಯ ಕಾಗದ ಬಂದಾಗ ನಿಜ ಹೇಳಬಹುದಿತ್ತು. ಹೇಳಿದರೆ ಅಕ್ಟೋಬರಿನಿಂದ ಹೇಳಬೇಕಾಗುತ್ತಿತ್ತು. ಭಾವ ಏಳುತ್ತಾರೆ ಎಂದುಕೊಂಡೆ.

ಬೈದು ಒಂದು ಕಾಗದವನ್ನಾದರೂ ಬರಿ.

ಸಂಜೀವ


ಮದರಾಸು
೨-೧೧-೧೯೪೭

ಅಕ್ಕ,

ಬರೆದ ನಾಲ್ಕು ಕಾಗದವೂ ಒಡೆಯದೆ ಹಿಂದಕ್ಕೆ ಬಂದವು. ಇದೂ ಬರುತ್ತದೆ ಎಂದು ಗೊತ್ತಿದ್ದೇ ಹಾಕುತ್ತಿದ್ದೇನೆ. ಪಾಪಕ್ಕನಿಗೆ ಹಲ್ಲು ನೋವು, ಗಂಟಲು ನೋವು ಬಂದರೆ ಉಪೇಕ್ಷೆ ಮಾಡಬೇಡ. ಅಂಥವರಿಗೆ ಅದರಿಂದಲೇ ಹೃದಯಕ್ಕೆ ನಂಜೇರುತ್ತದೆ.

ಸಂಜೀವ


ಮದರಾಸು
೯-೧-೧೯೪೯

ಅಕ್ಕ,

ಇದನ್ನು ಅಂಚೆಗೆ ಹಾಕದೆ ಮಹಬೂಬ್ ಸಾಬರ ಕೈಗೆ ಕೊಟ್ಟಿದ್ದೇನೆ. ಅವರು ನಿನ್ನ ಮುಂದೆ ನಿಂತು ಓದಿಸದೆ ಹೋಗುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ.

ಹೊರದೇಶದಲ್ಲಿ ಕಲಿತ ಒಬ್ಬ ಸರ್ಜನರು ಇಲ್ಲಿಗೆ ಬಂದಿದ್ದಾರೆ. ಪಾಪಕ್ಕನಂಥ ಇಬ್ಬರು ಮಕ್ಕಳಿಗೆ ಎದೆ ತೆರೆದು, ಆ ನಾಳವನ್ನು ಕಟ್ಟಿ ಮುಚ್ಚಿದರು. ಇಬ್ಬರೂ ಬದುಕಿದ್ದಾರೆ. ನಾನೇ ಪಕ್ಕದಲ್ಲಿ ನಿಂತಿದ್ದೆ. ಗಂಟು ಬಿಗಿದ ಕ್ಷಣಕ್ಕೆ ಆ ಸದ್ದು ನಿಂತುಹೋಯಿತು ಅಕ್ಕ. ಕಟ್ಟುವುದು ರೇಷ್ಮೆ ದಾರದಿಂದಲೇ.

ಅಪಾಯವಿಲ್ಲ ಎಂದು ಹೇಳುವುದಿಲ್ಲ. ಆದರೆ ಹಾಗೇ ಬಿಟ್ಟರೆ ಮೂವತ್ತು ದಾಟುವುದು ಕಷ್ಟ. ಸರ್ಜನರು ಜೂನಿನ ತನಕ ಮಾತ್ರ ಇರುತ್ತಾರೆ. ನೀನೇ ಜೊತೆಗಿರು, ನಾನು ವಾರ್ಡಿನ ಬಾಗಿಲಿಗೂ ಬರುವುದಿಲ್ಲ. ಇದು ನಿಜ. ನನ್ನಾಣೆ, ಭಾವನ ಆಣೆ.

ಸಂಜೀವ


ವಿಜಯಪುರ
೨೩-೧-೧೯೪೯

ಡಾಕ್ಟರ್ ಸಂಜೀವಪ್ಪನವರಿಗೆ,

ಮಹಬೂಬ್ ಸಾಬರು ಮಾತು ಉಳಿಸಿಕೊಂಡರು. ಓದುವ ತನಕ ಜಗಲಿಯಿಂದ ಇಳಿಯಲಿಲ್ಲ.

ನಿಮ್ಮ ಈ ಕಾಗದವನ್ನೂ ೨-೧-೧೯೪೭ರ ಕಾಗದವನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಕೂತೆ. ಎರಡರಲ್ಲೂ ಅದೇ ದುಂಡು ಅಕ್ಷರ. ಆ ಸಲ ಕಳಿಸಿದರೆ ಸಾಯುತ್ತಾಳೆ ಎಂದಿರಿ, ಈ ಸಲ ಕಳಿಸದಿದ್ದರೆ ಸಾಯುತ್ತಾಳೆ ಎನ್ನುತ್ತೀರಿ. ನಿಜ ಯಾವುದೆಂದು ಅಕ್ಷರ ನೋಡಿ ಹೇಳುವ ವಿದ್ಯೆ ನನಗೆ ಬಾರದು. ನಿಜವೇ ಇರಬಹುದು. ನಿಜವೇ ಆಗಿದ್ದು ನಾನು ನಂಬದೆ ಹೋದರೆ ಮಗಳನ್ನು ಕಳೆದುಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ ನೀವು ನನ್ನಿಂದ ತೆಗೆದುಕೊಂಡದ್ದು ಆ ನಂಬಿಕೆಯನ್ನೇ. ರೇಷ್ಮೆಯ ಮಾತು ಆಡಿ ನನ್ನನ್ನು ಒಲಿಸಬೇಡಿ. ಸತ್ತವರ ಆಣೆಯನ್ನೂ ಇಡಬೇಡಿ.

ಹತ್ತು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಒಮ್ಮೆ ನಿಮ್ಮ ಆಸ್ಪತ್ರೆಯಲ್ಲಿ ನಮ್ಮನ್ನು ಕೇಳದೇ ಒಪ್ಪಿಗೆ ಬರೆದುಕೊಂಡರು. ಈ ಸಲ ಕೇಳಿಯೇ ಆಗಬೇಕು ಎನ್ನಿಸಿತು, ಅದೂ ಯಾರ ಎದೆಯೋ ಅವಳನ್ನೇ. ನಿನ್ನೆ ಮಧ್ಯಾಹ್ನ ಚರಕದ ಮುಂದೆ ಕೂತಿದ್ದಳು. ಈಗ ಅಪ್ಪನ ಜಾಗದಲ್ಲಿ ಅವಳೇ ಕೂರುವುದು, ಎರಡು ಸಲ ತಿರುಗಿಸಿ ಒಂದು ಸಲ ಸುಧಾರಿಸಿಕೊಳ್ಳುತ್ತಾಳೆ. ಮಾವ ಮದರಾಸಿಗೆ ಬಾ ಅಂತಾರೆ, ಆಪರೇಷನ್ ಮಾಡಿದರೆ ವಾಸಿಯಾಗುತ್ತದಂತೆ ಎಂದೆ. ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಸಿಟ್ಟಿಲ್ಲ, ಅಳುವಿಲ್ಲ.

"ಯಾಕಮ್ಮಾ, ಮಾವಂಗೆ ಮತ್ತೆ ಪರೀಕ್ಷೆ ಬಂತಾ?" ಅಂದಳು.

ಇದಕ್ಕೆ ಉತ್ತರವನ್ನು ನೀವೇ ಬರೆಯಿರಿ, ಅವಳ ಹೆಸರಿಗೇ ಬರೆಯಿರಿ. ಹೋಗುತ್ತೇನೆ ಎನ್ನಲಿ, ಒಲ್ಲೆ ಎನ್ನಲಿ, ಅವಳು ಹೇಳಿದ ಹಾಗೆ ನಾನು ಕೇಳುತ್ತೇನೆ. ಈಗ ಅವಳಿಗೆ ಓದಲು ಬರುತ್ತದೆ. ನಾನು ಓದಿ ಹೇಳುವುದಿಲ್ಲ.

ಗಂಗಲಕ್ಷ್ಮಮ್ಮ